ಹಗ್ಗದ ಹ, ಕಣದ ಣ

ಶಹಾಬಾದದ ಸ್ಟೇಶನ್ ರಸ್ತೆಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಹಣಮಂತರಾಯನ ಹೆಸರು ಕೇಳದ ಕಿವಿ ಆಗಿನ ದಿನಗಳಲ್ಲಿ ವಾಡಿಯಿಂದ ಸೇಡಂವರೆಗೆ ಒಂದೂ ಇರಲಿಲ್ಲ. ಅವನೇನು ಅಂಥ ದೊಡ್ಡ ಮನುಷ್ಯನಲ್ಲ. ಮದುವೆಯಿರಲಿ, ಪುರಾಣವಿರಲಿ, ಚುನಾವಣೆಯಿರಲಿ, ಮೈಕಿನ ಮುಂದೆ ಬಂದು ನಿಂತವರೆಲ್ಲ ಮೊದಲು ಅದನ್ನು ಉಗುರಿನಿಂದ ಕುಟ್ಟಿ, ಬಾಯಿಂದ ಊದಿ, ಆಮೇಲೆ ಕೂಗುತ್ತಿದ್ದುದು ಒಂದೇ ಮಾತು: “ಏ ಹಣಮಂತರಾಯಾ, ದನಿ ಬರವಲ್ದೋ!” ಆ ಕೂಗಿನ ನಡುವೆಯೇ ದನಿ ಬಂದುಬಿಡುತ್ತಿತ್ತು. ಹೀಗಾಗಿ ದೇವರ ಹೆಸರಿಗಿಂತ ಮೊದಲು ಅವನ ಹೆಸರು ಬೇವಿನ ಮರಕ್ಕೆ ಕಟ್ಟಿದ ಭೋಂಗಾದಿಂದ ಹೊರಟು, ತೊಗರಿ ಹೊಲಗಳನ್ನು ದಾಟಿ, ಮುಂದಿನ ಊರಿನ ನಾಯಿಗಳನ್ನು ಎಬ್ಬಿಸುತ್ತಿತ್ತು. ಸ್ವಾಮಿಗಳು ಅವನ ಹೆಸರು ಕೂಗಿದ್ದರು. ಮಂತ್ರಿಗಳು ಕೂಗಿದ್ದರು. ಉರುಸಿಗೆ ಬಂದ ಕವ್ವಾಲರು ಹಾರ್ಮೋನಿಯಂ ನಿಲ್ಲಿಸಿ ರಾಗವಾಗಿ ಕೂಗಿದ್ದರು.

ಕೂಗದವಳು ಒಬ್ಬಳೇ. ಅವನ ಹೆಂಡತಿ ಅಮೃತಮ್ಮ.

ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬಂದರೆ ಅವನ ಆಯುಷ್ಯ ಅಷ್ಟಕ್ಕಷ್ಟು ಸವೆಯುತ್ತದೆಂದು ಆ ಸೀಮೆಯ ಹೆಂಗಸರೆಲ್ಲ ತಮ್ಮ ತಾಯಂದಿರಿಂದ ಕೇಳಿ ತಿಳಿದಿದ್ದರು. ಆದರೆ ಎಂಥ ಕಟ್ಟಳೆಗೂ ಒಂದು ಕಿಟಕಿ ಇರುತ್ತದೆ. ಈ ಕಟ್ಟಳೆಗೆ ಇದ್ದ ಕಿಟಕಿಯೇ ಒಡಪು. ಮದುವೆ, ಕುಬುಸ, ತೊಟ್ಟಿಲಿನಂಥ ಕಾರ್ಯಗಳಲ್ಲಿ ಗೆಳತಿಯರು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ, ಪ್ರಾಸ ಕೂಡಿಸಿದ ಸಾಲುಗಳ ಕೊನೆಗೆ ಗಂಡನ ಹೆಸರು ಸೇರಿಸಿ ಹೇಳಬಹುದು. ಪ್ರಾಸದೊಳಗೆ ಬಂದ ಹೆಸರನ್ನು ಯಮ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಅಮೃತಮ್ಮ ಒಮ್ಮೆ ಹೇಳಿದ್ದಳು. ತವರೂರು ಕೋಡ್ಲಾದಲ್ಲಿ, ತನ್ನ ಮದುವೆಯ ಹಂದರದಲ್ಲಿ, ಮೈಕಿನ ಮುಂದೆಯೇ ಹೇಳಿದ್ದಳು. ಮೈಕ್‌ಸೆಟ್ಟು ಯಾರದು? ಮದುಮಗನದೇ. ತನ್ನ ಆಂಪ್ಲಿಫೈಯರನ್ನು ಪರರ ಕೈಗೆ ಕೊಡುವುದಕ್ಕಿಂತ ಹೆಂಡತಿಯನ್ನೇ ಕೊಟ್ಟೇನು ಎನ್ನುವ ಜಾತಿಯ ಮನುಷ್ಯ ಅವನು. ಒಡಪಿನ ಹೊತ್ತಿಗೆ ವೈರೊಂದು ಸಡಿಲಾಯಿತೆಂದು ಬಾಸಿಂಗ ಕಟ್ಟಿಕೊಂಡೇ ಹಂದರದ ಹಿಂದೆ ನುಗ್ಗಿ, ಭೋಂಗಾದ ಬುಡದಲ್ಲಿ ಕುಳಿತು ಗುಂಡಿ ತಿರುವಿದ. ಹೆಸರು ಬರುವ ಕ್ಷಣಕ್ಕೆ ಸರಿಯಾಗಿ ಭೋಂಗಾ ‘ಕುಂಯ್ಯ್’ ಎಂದಿತು. ಮುಂದೆ ಕುಳಿತ ಹೆಂಗಸರೆಲ್ಲ ಹೆಸರು ಕೇಳಿ ಕೇಕೆ ಹಾಕಿದರು. ಮದುಮಗ ಕೇಳಿದ್ದು ಕುಂಯ್ಯ್ ಮಾತ್ರ.

ಅಂದಿನಿಂದ ಅವನಿಗೊಂದು ಹಂಬಲ ಅಂಟಿಕೊಂಡಿತು. ರಾವಣನಿಗೆ ಸೀತೆ, ದುರ್ಯೋಧನನಿಗೆ ರಾಜ್ಯ, ಹಣಮಂತರಾಯನಿಗೆ ಹೆಂಡತಿಯ ಬಾಯಲ್ಲಿ ತನ್ನ ಹೆಸರು.

“ಒಮ್ಮೆ ಅಂದುಬಿಡು,” ಎಂದು ಬೇಡುತ್ತಿದ್ದ.

“ಅಂದೀನಲ್ರೀ ಮದವ್ಯಾಗ. ಊರೆಲ್ಲ ಕೇಳ್ಯಾದ. ನಿಮಗ ಕಿವಿ ಇರಲಿಲ್ಲಂದ್ರ ನಾ ಏನ್ ಮಾಡ್ಲಿ?”

ಅಷ್ಟೇ ಆಗಿದ್ದರೆ ತಡೆಯಬಹುದಿತ್ತು. ಅಮೃತಮ್ಮ ಅವನ ಹೆಸರಿನ ನೆರಳು ಬಿದ್ದ ಮಾತನ್ನೂ ಮನೆಯಿಂದ ಹೊರಗಟ್ಟಿದ್ದಳು. ಹಣಮಂತ ದೇವರ ಗುಡಿಗೆ ಹೋಗುವಾಗ “ಶನಿವಾರದ ದೇವರಿಗಿ ಹೋಗಿ ಬರ್ತೀನಿ” ಎನ್ನುವಳು. ಹಣೆ ಎನ್ನುವ ಬದಲು “ಕುಂಕುಮ ಹಚ್ಚೋ ಜಾಗ” ಎನ್ನುವಳು. ಹಣದ ತಂಟೆ ಇರಲಿಲ್ಲ, ಕಲಬುರ್ಗಿ ಸೀಮೆಯಲ್ಲಿ ಅದು ಹೇಗೂ ರೊಕ್ಕ. ಮಂಗಗಳನ್ನು ಊರೆಲ್ಲ ಹಣಮಂತ ಎಂದೇ ಕರೆಯುವುದರಿಂದ ಅವಳ ಬಾಯಲ್ಲಿ ಅವು “ಬಾಲದವರು” ಆಗಿದ್ದವು.

ಇಂಥ ಕೋಟೆಯನ್ನು ಮುತ್ತಲು ಅವನಿಗೆ ಆಯುಧ ಸಿಕ್ಕಿದ್ದು ಸೇಡಂನಲ್ಲಿ. ಅಲ್ಲಿ ಕ್ಯಾಂಪು ಹಾಕಿದ್ದ ನಾಟಕ ಕಂಪನಿಯೊಂದು ನಾಯಕಿ ಮುನಿದು ಹೋದದ್ದರಿಂದ ಮುರಿದುಬಿತ್ತು. ಪರದೆಗಳನ್ನು ಒಬ್ಬರು ಒಯ್ದರು, ಕಿರೀಟಗಳನ್ನು ಒಬ್ಬರು ಒಯ್ದರು, ಗುಡುಗು ಮಳೆ ಕುದುರೆ ಓಟದ ಸಪ್ಪಳ ಹಾಕಲು ಇಟ್ಟಿದ್ದ ಸ್ಪೂಲ್ ಟೇಪ್‌ರಿಕಾರ್ಡರು ಹಣಮಂತರಾಯನ ಪಾಲಿಗೆ ಬಂತು. ಟ್ರಂಕಿನಷ್ಟು ದೊಡ್ಡದು. ಕರೆಂಟಿಗೂ ಸೈ, ಸೆಲ್ಲಿಗೂ ಸೈ. ಮೇಲೆ ಎರಡು ಚಕ್ರ, ಅವುಗಳ ನಡುವೆ ಕಂದು ಬಣ್ಣದ ಪಟ್ಟಿ, ಮೂಲೆಯಲ್ಲಿ ದನಿ ಬಿದ್ದಂತೆಲ್ಲ ಹಿಗ್ಗುವ ಒಂದು ಹಸಿರು ಕಣ್ಣು.

ಪಕ್ಕದ ಅಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಗುಲಾಮ ದಸ್ತಗೀರ ಅದರ ಹೊಟ್ಟೆ ಬಿಚ್ಚಿ ಒರೆಸಿ ಕೊಟ್ಟ.

“ಯಾರ ಹಾಡು ತುಂಬಿಸ್ತೀಯೋ ಇದರಾಗ?” ಎಂದು ಕೇಳಿದ.

“ಹಾಡಲ್ಲ. ನನ್ನ ಹೆಸರು. ಆಕಿ ದನಿಯಾಗ.”

ದಸ್ತಗೀರ ಸ್ಕ್ರೂಡ್ರೈವರ್ ಕೆಳಗಿಟ್ಟ. “ಯಾ ಅಲ್ಲಾ! ನಮ್ಮ ಆಶಾಬಿ ನನಗ ‘ಅಜೀ ಸುನೋ’ ಅಂತಾಳ. ರೇಶನ್ ಕಾರ್ಡಿನ್ಯಾಗ ಅಜೀಸುನೋ ಸಾಬ್ ಅಂತ ಬರಸಬೇಕಂತ ಮಾಡೀನಿ. ನಿಂದೇನು ದೊಡ್ಡ ದುಃಖ?”

ರಿಕಾರ್ಡಿಂಗು ಹೂಡುವುದು ಸುಲಭವಿರಲಿಲ್ಲ. ಶಹಾಬಾದದ ಮನೆಯೆಂದರೆ ನೆಲ ಪರಸಿ ಕಲ್ಲು, ಗೋಡೆ ಪರಸಿ, ಮಾಳಿಗೆಯೂ ಪರಸಿ. ಒಂದು ಮಾತಾಡಿದರೆ ಕಲ್ಲು ನಾಲ್ಕು ಮಾತು ತಿರುಗಿ ಆಡುತ್ತದೆ. ಮೊದಲ ದಿನ ಅಮೃತಮ್ಮ “ಚಾ ಕುಡೀರಿ” ಎಂದದ್ದು ಟೇಪಿನಲ್ಲಿ ಬಾವಿಯೊಳಗಿಂದ ಯಾರೋ ಶಾಪ ಹಾಕಿದ ಹಾಗೆ ಕೇಳಿಸಿತು. ಹಣಮಂತರಾಯ ಮನೆಯ ಕೌದಿಗಳನ್ನೆಲ್ಲ ಗೋಡೆಗೆ ತೂಗುಹಾಕಿದ. ಟೇಪು ತಿಕ್ಕಿಕೊಂಡು ಹೋಗುವ ಹೆಡ್ಡನ್ನು ಸ್ಪಿರಿಟ್ಟಿನ ಹತ್ತಿಯಿಂದ ತೊಳೆದ. ಮೈಕನ್ನು ಅಡುಗೆಮನೆಯ ಗೂಟಕ್ಕೆ, ಒಲೆಯ ಹೊಗೆ ತಾಗದಂತೆ, ಅವಳ ಬಾಯಿಯ ಎತ್ತರಕ್ಕೆ ಕಟ್ಟಿದ. ಕಲ್ಲು ಕೊಯ್ಯುವ ಅಂಗಳಗಳು ಬಂದ್ ಇರುವ ರಜೆಯ ದಿನ ನೋಡಿ, ಕಾರ್ಖಾನೆಯ ಸೀಟಿ ಮುಗಿಯುವುದನ್ನು ಕಾದು, ಗುಂಡಿ ಒತ್ತಿದ.

“ಸವತಿಗಿ ಕೌದಿ ಹೊಚ್ಚಿ ಕುಂದರಿಸೀರಲ್ಲ,” ಎಂದಳು ಅಮೃತಮ್ಮ ಮೈಕಿಗೇ ಮುಖ ಕೊಟ್ಟು. “ಏನು ಮಂತ್ರ ಹಾಕೀರಿ ಈ ಡಬ್ಬಿಗಿ? ನಾ ಅಂದದ್ದೆಲ್ಲ ಅಂತದಂತ.”

ಅವಳಿಗೆ ಅದರ ಭಯವೇನೂ ಇರಲಿಲ್ಲ. ರೊಟ್ಟಿ ಬಡಿಯುತ್ತ ಡಬ್ಬಿಯೊಡನೆ ಮಾತಾಡಿದಳು, ಬಯ್ದಳು, ರಾಯಚೂರಿನಲ್ಲಿದ್ದ ಅಕ್ಕನ ಸುದ್ದಿ ಹೇಳಿದಳು. ಮುಂದಿನ ವಾರಗಳಲ್ಲಿ ಮೈಕು ಬಾವಿಕಟ್ಟೆಯವರೆಗೂ ಅವಳ ಬೆನ್ನು ಹತ್ತಿತು. ಹೆಸರೊಂದನ್ನು ಬಿಟ್ಟು ಎಲ್ಲವೂ ಅವಳ ಬಾಯಿಂದ ಬಂತು.

ಆಗ ಹಣಮಂತರಾಯ ಮಹಾಯುದ್ಧವೊಂದನ್ನು ಸಾರಿದ. ಮಾಳಿಗೆಯ ಮೇಲೆ ಶೇಂಗಾ ಚೆಲ್ಲಿ, ಕೆಳಗೆ ಟೇಪು ಚಾಲೂ ಮಾಡಿ, ಕೌದಿಯ ಹಿಂದೆ ಉಸಿರು ಬಿಗಿಹಿಡಿದು ಕುಳಿತ. ಗುರಿ ಇಷ್ಟೇ: ಮಂಗಗಳು ಬರಬೇಕು, ರೊಟ್ಟಿಗೆ ಕೈ ಹಾಕಬೇಕು, ಗಾಬರಿಯಲ್ಲಿ ಅವಳು “ಹಣಮಂತ!” ಎಂದು ಕಿರುಚಬೇಕು. ಅರ್ಧ ಹೆಸರಾದರೂ ಸಾಕು. ಮಂಗಗಳು ಬಂದವು. ಶೇಂಗಾ ತಿಂದವು. ಬೆಳಕಿಂಡಿಯಿಂದ ಇಳಿದು ರೊಟ್ಟಿಯ ಬುಟ್ಟಿಯನ್ನೇ ಹೊತ್ತವು. ಹಸಿರು ಕಣ್ಣು ಅರಳಿತು. ಅಮೃತಮ್ಮ ಕಿರುಚಿದಳು:

“ರೀ! ನಿಮ್ಮ ಮಂದಿ ಬಂದಾರ ನೋಡ್ರೀ!”

ದಸ್ತಗೀರ ಆ ಟೇಪು ಕೇಳಿ ಅಂಗಡಿಯ ಕಟ್ಟೆಯ ಮೇಲೆ ಉರುಳಾಡಿದ.

ಮುಂದೆ ಅಮೃತಮ್ಮ ಬಸಿರಾದಳು. ಕುಬುಸ ಮುಗಿಸಿ ಚೊಚ್ಚಲ ಹೆರಿಗೆಗೆ ಕೋಡ್ಲಾಕ್ಕೆ ಹೊರಟುನಿಂತಳು. ಇನ್ನು ಕೂಸಿಗೆ ಕುತ್ತಿಗೆ ನಿಲ್ಲುವವರೆಗೆ ಅವಳು ತವರಿನವಳು.

“ಕೌದಿ ತೆಗದು ಹೊಚಗೊಂಡು ಮಲಗ್ರಿ, ಥಂಡಿ ಅದ,” ಎಂದು ಹೇಳಿ ರೈಲು ಹತ್ತಿದಳು.

ಅವನು ಕೌದಿ ತೆಗೆಯಲಿಲ್ಲ. ಮೈಸೂರು ರಾಜ್ಯ ಕರ್ನಾಟಕವಾದ ವರ್ಷ ಅದು. ಕಾರ್ಯಕ್ರಮಕ್ಕೆ ಮೈಕು ಕಟ್ಟಿದವನು ಇವನೇ. ಇಡೀ ರಾಜ್ಯ ಹೊಸ ಹೆಸರು ಇಟ್ಟುಕೊಂಡು ಕೋಟಿ ಜನರ ಬಾಯಲ್ಲಿ ಒಂದೇ ದಿನಕ್ಕೆ ಹೇಳಿಸಿಕೊಂಡಿತು. ತನಗೆ ಹುಟ್ಟಿನಿಂದ ಇದ್ದ ಹೆಸರನ್ನು ಒಬ್ಬಳ ಬಾಯಲ್ಲಿ ಹೇಳಿಸಲಾಗಲಿಲ್ಲವೆಂದು ಅವನು ಭೋಂಗಾ ಇಳಿಸುತ್ತ ಬಹಳ ಹೊತ್ತು ಕಂಬದ ಮೇಲೆಯೇ ಕುಳಿತಿದ್ದನಂತೆ.

ಮನೆಗೆ ಬಂದರೆ ಮನೆ ಸುಮ್ಮನಿತ್ತು. ಗುಂಡಿ ಒತ್ತಿದರೆ ಅಮೃತಮ್ಮ ಇರುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಬಾವಿಕಟ್ಟೆಯಲ್ಲಿ ಕೂಗುತ್ತಿದ್ದಳು. ಸ್ಪೂಲು ಮುಗಿದು ಟೇಪಿನ ಬಾಲ ಪಟಪಟ ಬಡಿಯತೊಡಗಿದರೆ ಇರುತ್ತಿರಲಿಲ್ಲ. ಹಾಗೆ ಕೇಳುತ್ತ ಕೇಳುತ್ತ ಒಂದು ಮಧ್ಯಾಹ್ನ ಅವನಿಗೆ ಹೊಳೆಯಿತು: ಅವಳು ಹೆಸರು ಹೇಳಿಲ್ಲ, ನಿಜ. ಆದರೆ ಹೆಸರಿನ ಚೂರುಗಳನ್ನೆಲ್ಲ ಹೇಳಿದ್ದಾಳಲ್ಲ!

ದಸ್ತಗೀರನನ್ನು ಎಳೆದುತಂದ. ಇಬ್ಬರೂ ಕೂತು ಹುಡುಕಿದರು. ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಆಡಿಸಿದರೆ ಅಮೃತಮ್ಮನ ದನಿ ಕುಡಿದ ಎಮ್ಮೆಯಂತೆ ‘ವೂಂವ್ ವೂಂವ್’ ಎನ್ನುತ್ತಿತ್ತು. ಅಕ್ಷರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಆ ವೂಂವ್‌ನಲ್ಲೇ ಪತ್ತೆ ಹಚ್ಚಬೇಕು. ಟೇಪಿನ ಬೆನ್ನಿಗೆ ಗುರುತು ಹಾಕಬೇಕು. ಅದಕ್ಕೆ ಅವಳು ಬಿಟ್ಟುಹೋದ ಕಾಡಿಗೆಯೇ ಬಂತು. ಬ್ಲೇಡಿನಿಂದ ಓರೆಯಾಗಿ ಕೊಯ್ಯಬೇಕು, ನೆಟ್ಟಗೆ ಕೊಯ್ದರೆ ಕೂಡಿಸಿದ ಕಡೆ ‘ಟಕ್’ ಎನ್ನುತ್ತದೆ. ಆಮೇಲೆ ತುದಿಗೆ ತುದಿ ತಾಗಿಸಿ ಅಂಟುಪಟ್ಟಿ ಹಚ್ಚಬೇಕು.

“ಹಗ್ಗ ಬಿಡ್ರೀ, ಹಗ್ಗ!” ಎಂದು ಬಾವಿಯಲ್ಲಿ ಕೊಡ ಬಿದ್ದಾಗ ಕೂಗಿದ್ದರಲ್ಲಿ ಹ ಸಿಕ್ಕಿತು. “ಕಣದಾಗ ನಿಂತು ನಿಂತು ಕಾಲು ಬಿದ್ದುಹೋದವು” ಎಂದದ್ದರಲ್ಲಿ ಣ. ಡಬ್ಬಿಯನ್ನು ಹಂಗಿಸಿದ ಮಂತ್ರದ ಬಾಲ ಕೊಯ್ದರೆ ಮಂತ. ರಾಯಚೂರಿನ ಅಕ್ಕನಿಂದ ರಾಯ.

“ಅರೆ, ಇದು ಹೆಸರು ಕೂಡಸಾಕತ್ತೀಯೋ, ಕುರಿ ಕೊಯ್ಯಾಕತ್ತೀಯೋ?” ಎಂದ ದಸ್ತಗೀರ, ಕಾಲ ಬಳಿ ಬಿದ್ದ ಟೇಪಿನ ರಾಶಿ ನೋಡಿ.

ಅಂಟು ಒಣಗಿತು. ಗುಂಡಿ ಒತ್ತಿದರು. ಅಮೃತಮ್ಮ ಹೇಳಿದಳು:

“ಹ! ...ಣ. ಮಂತ? ರಾಯ...”

ಹ ಗಾಬರಿಯಲ್ಲಿತ್ತು. ಣ ದಣಿದಿತ್ತು. ಮಂತ ಹಂಗಿಸುತ್ತಿತ್ತು. ಮೆತ್ತಗೆ, ಪ್ರೀತಿಯಿಂದ ಬಂದದ್ದು ರಾಯವೊಂದೇ, ಅದು ಅಕ್ಕನಿಗೆ ಸಲ್ಲಬೇಕಾದದ್ದು. ಮನೆಯ ನಾಲ್ಕು ಮೂಲೆಯಿಂದ ನಾಲ್ಕು ಅಮೃತಮ್ಮಂದಿರು ಒಬ್ಬೊಬ್ಬರು ಒಂದೊಂದು ಚೂರು ಎಸೆದ ಹಾಗಿತ್ತು. ದಸ್ತಗೀರ ನಗಲು ಬಾಯಿ ತೆರೆದವನು ಗೆಳೆಯನ ಮುಖ ನೋಡಿ ಮುಚ್ಚಿದ. ಹಣಮಂತರಾಯ ಕಣ್ಣು ಮುಚ್ಚಿಕೊಂಡು ಡಬ್ಬಿಗೆ ಕಿವಿ ಹಚ್ಚಿದ್ದ. ಆಮೇಲೆ ದಿನವೂ ಹಚ್ಚಿದ. ರಾಯಚೂರಿನ ಮೇಲೆ ಅವನಿಗೆ ಸಣ್ಣಗೆ ಹೊಟ್ಟೆಕಿಚ್ಚು ಶುರುವಾಯಿತು.

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲ ಕಾರ್ಯಕ್ಕೆ ಕರೆ ಬಂತು. ಹಣಮಂತರಾಯ ಡಬ್ಬಿಯನ್ನು ಧೋತರದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ವಾಡಿಯಲ್ಲಿ ರೈಲು ಬದಲಿಸಿ, ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿದು, ಎತ್ತಿನ ಗಾಡಿಯಲ್ಲಿ ಕೋಡ್ಲಾ ಮುಟ್ಟಿದ. ಗಾಡಿ ತಗ್ಗಿಗೆ ಇಳಿದಾಗಲೆಲ್ಲ ತಾನು ಮೇಲೇಳುತ್ತಿದ್ದ, ಡಬ್ಬಿಯನ್ನು ಏಳಲು ಬಿಡುತ್ತಿರಲಿಲ್ಲ.

ಅತ್ತೆ ಸಾಬಮ್ಮ ಬಾಗಿಲಲ್ಲಿ ನಿಂತು ನೋಡಿದಳು. “ಕೂಸಿಗಿ ಬೆಳ್ಳಿ ಉಡದಾರ ತರ್ತಾರ ಅಂದ್ರ ಅಳಿಯಂದಿರು ಟ್ರಂಕು ತಂದಾರ. ಬರ್ರಿ, ಕುಂದ್ರಿ.”

ಅಮೃತಮ್ಮ ಒಳಗೆ ಕೂಸಿಗೆ ಕಾಡಿಗೆ ಹಚ್ಚುತ್ತಿದ್ದಳು. ಅವನನ್ನು ನೋಡಿ ಮುಖ ಅರಳಿತು. ಅವನು ಕೂಸನ್ನು ನೋಡಿದ, ಅವಳನ್ನು ನೋಡಿದ, ಹೇಗಿದ್ದೀ ಎಂದೂ ಕೇಳದೆ ಡಬ್ಬಿ ಬಿಚ್ಚಿದ. ಗಂಡಸರ ಬುದ್ಧಿ.

“ಹ! ...ಣ. ಮಂತ? ರಾಯ...”

ಅವಳ ಮುಖ ಕಪ್ಪಿಟ್ಟಿತು. ನಗುತ್ತಾಳೆಂದುಕೊಂಡಿದ್ದವನು ನಗುವನ್ನು ತನ್ನ ಮುಖದ ಮೇಲೇ ಮರೆತು ನಿಂತ.

“ಇದು ನಾ ಅಂದಿಲ್ಲ,” ಎಂದಳು.

“ನಿಂದೇ ದನಿ. ಕೂಡಿಸೀನಿ.”

“ಎಷ್ಟು ಸಲ ಹಚ್ಚಿ ಕೇಳಿರಿ?”

“ದಿನಾ ಕೇಳೀನಿ. ಅದಕೇನು ಲೆಕ್ಕ ಇಡ್ತಾರೇನು?”

“ದಿನಾ!” ಅವಳು ಕೂಸನ್ನು ಎದೆಗೆ ಅವಚಿಕೊಂಡಳು. “ನಿಮ್ಮ ಹೆಸರು ಬಾಯಾಗ ಬರಬಾರದು ಅಂತ ನಾ ಹಣ್ಣಿಗಿ ಹಣ್ಣು ಅಂದಿಲ್ಲ. ಬಾಳೆ ಅಂದೀನಿ, ಪೇರಲ ಅಂದೀನಿ. ಮಾತ ಮಾತಿಗಿ ನಾಲಿಗಿ ಕಡಕೊಂಡು ನಿಮ್ಮ ಆಯುಷ್ಯ ಕಾದೀನಿ. ನೀವು ಬ್ಲೇಡು ತಗೊಂಡು ನನ್ನ ನಾಲಿಗೀಲೆ ಅದನ್ನs ಕೊಯ್ಯಾಕತ್ತೀರಿ?”

ಮಂತ್ರಿಗಳಿಗೆ ದನಿ ಕೊಟ್ಟವನು ತನ್ನ ಡಬ್ಬಿಯ ದನಿಯನ್ನು ತಾನೇ ಬಂದ್ ಮಾಡಿದ.

ಅವಳು ಟೇಪಿನ ಕಡೆಗೆ ನೋಡುತ್ತ ಸಣ್ಣ ದನಿಯಲ್ಲಿ ಅಂದಳು: “ಹ ಅನ್ನೋದು ಕೊಡ ಬಿದ್ದಾಗಿಂದು. ಣ ಅನ್ನೋ ದಿನ ನನಗ ಜ್ವರ ಇತ್ತು. ಮಂತ್ರ ಅಂದಾಗ ನಿಮ್ಮ ಮ್ಯಾಲ ಸಿಟ್ಟಿತ್ತು. ರಾಯಚೂರ ಅಂದಾಗ ಅಕ್ಕನ್ನ ನೆನೆಸಿ ಅಳು ಬಂದಿತ್ತು. ಇದರಾಗ ನಿಮ್ಮನ್ನ ಕರದದ್ದು ಯಾವದರೀ?”

ಕೂಸನ್ನೆತ್ತಿಕೊಂಡು ಹೊರಟೇಹೋದಳು. ಮಧ್ಯಾಹ್ನದ ಊಟಕ್ಕೆ ಅವನಿಗೆ ನೀಡಿದವಳು ಸಾಬಮ್ಮ. ನೀರು ತಂದಿಟ್ಟವಳು ನೆರೆಯ ಸುಂದರಬಾಯಿ. ಅಮೃತಮ್ಮ ಹೊಸಲು ದಾಟಿ ಹೋಗುವಾಗಲೂ ಅವನ ಕಡೆ ಕಣ್ಣು ಹಾಯಿಸಲಿಲ್ಲ. ಹೆಸರು ಹೋಗಲಿ, “ರೀ” ಎನ್ನುವುದೂ ನಿಂತಿತು. ತಾನು ತಿರುಗಿ ಹೋಗುವಾಗಲೂ ಹೀಗೇ ಇದ್ದರೆ, ಕೂಸಿಗೆ ಕುತ್ತಿಗೆ ನಿಂತ ಮೇಲೂ ಅವಳು ಬಾರದಿದ್ದರೆ ಎಂಬ ವಿಚಾರ ಬಂದು ಅವನು ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ತೊಟ್ಟಿಲ ಕೋಣೆಯಲ್ಲಿ ಗಂಡಸರಿಗೆ ಜಾಗವಿಲ್ಲ. ಅವನು ಹೊರಗೆ ಪಡಸಾಲೆಯ ಕಿಟಕಿಯ ಕೆಳಗೆ ಡಬ್ಬಿ ಇಟ್ಟು, ಮೈಕಿನ ವೈರನ್ನು ಸರಳುಗಳ ಸಂದಿಯಿಂದ ಒಳಗೆ ಬಿಟ್ಟ. ಸುಂದರಬಾಯಿ ಮೈಕನ್ನು ತೊಟ್ಟಿಲ ಹಗ್ಗಕ್ಕೆ ಕಟ್ಟಿದಳು. ಸೆಲ್ಲು ಹಾಕಿ, ಗುಂಡಿ ಒತ್ತಿ, ಹಸಿರು ಕಣ್ಣಿಗೆ ಕಣ್ಣಿಟ್ಟು ಕುಳಿತ. ಈ ಸಲ ಆಸೆಯಿಂದಲ್ಲ. ಬೇರೇನೂ ಮಾಡಲು ತಿಳಿಯದೆ.

ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದರು. ಹೆಸರಿಟ್ಟರು. ಜೋಗುಳವಾಯಿತು. ಆಮೇಲೆ ಸುಂದರಬಾಯಿ ಬಾಗಿಲಿಗೆ ಅಡ್ಡ ನಿಂತಳು.

“ಏ ಅಮೃತಾ, ಒಡಪು ಹೇಳದs ತೊಟ್ಟಿಲ ಮುಟ್ಟಾಕ ಬಿಡಂಗಿಲ್ಲ ನೋಡು.”

“ಬ್ಯಾಡ ಬಿಡs ಯವ್ವಾ.”

“ಬ್ಯಾಡಂದ್ರ ಕೂಸು ನಮ್ಮ ಮನಿಗಿ ಒಯ್ತೀವಿ!”

ನಗು, ಬಳೆಯ ಸದ್ದು. ಆಮೇಲೆ ಹಸಿರು ಕಣ್ಣು ಕಿರಿದಾಯಿತು. ಕಿಟಕಿಯ ಕೆಳಗೆ ಹಣಮಂತರಾಯ ಡಬ್ಬಿಯ ಮೇಲೆ ಬಾಗಿದ. ಒಡಪು ಎಂದರೆ ತೆರೆದ ಕಿಟಕಿ, ಹೇಳಿದರೆ ದೋಷವಿಲ್ಲ. ಅವಳು ಮೈಕಿನ ಹತ್ತಿರ ಬಂದದ್ದು ಅವನಿಗೆ ಅವಳ ಉಸಿರಿಗೆ ಮಿಸುಕಿದ ಹಸಿರು ಕಣ್ಣಿನಿಂದ ತಿಳಿಯಿತು.

“ಹಗ್ಗದಾಗಿನ ಹ ಕದ್ದರು, ಕಣದಾಗಿನ ಣ ಕದ್ದರು,
ಮಂತ್ರದ ಬಾಲ ಕೊಯ್ದರು, ರಾಯಚೂರ ನಡುವ ಒಡದರು,
ಇಷ್ಟೆಲ್ಲ ಕದ್ದ ಕಳ್ಳರ ಹೆಸರ...”

ಅಲ್ಲಿ ಒಂದು ಉಸಿರು ತೆಗೆದುಕೊಂಡಳು.

“...ಪೊಲೀಸರು ಕೇಳಿದರೂ ನಾ ಹೇಳಂಗಿಲ್ಲ.”

ಕೋಣೆ ಒಡೆದುಹೋಗುವಂತೆ ನಕ್ಕಿತು. ಹಸಿರು ಕಣ್ಣು ತಡೆಯಲಾರದೆ ತೆರೆದೇ ನಿಂತಿತು.

“ಹೇಳ್ಯಾಳ! ಅಕ್ಷರ ಅಕ್ಷರ ಬಿಡಿಸಿ ಹೇಳ್ಯಾಳ!” ಎಂದರು ಕೆಲವರು.

“ಎಲ್ಲಿ ಹೇಳ್ಯಾಳ? ಹೇಳಂಗಿಲ್ಲ ಅಂತs ಹೇಳ್ಯಾಳ!” ಎಂದಳು ಸುಂದರಬಾಯಿ.

ನ್ಯಾಯ ಸಾಬಮ್ಮನ ಮುಂದೆ ಹೋಯಿತು. ಅವಳು ಎಲೆ ಅಡಿಕೆ ಅಗಿಯುತ್ತ ತೀರ್ಪು ಕೊಟ್ಟಳು: “ಕೇಳಿದವರಿಗಿ ಹೇಳ್ಯಾಳ. ಯಮಗ ಹೇಳಿಲ್ಲ.”

ಸಂಜೆ ಗಾಡಿ ಹೂಡುವಾಗ ಅಮೃತಮ್ಮ ಬುತ್ತಿ ತಂದು ಅವನ ಕೈಗಿಟ್ಟಳು. ಡಬ್ಬಿಯ ಕಡೆಗೆ ಗದ್ದ ತೋರಿಸಿದಳು.

“ಎಲ್ಲಾ ಒಂದs ಕಡಿಗಿ, ಒಂದs ದನಿಯಾಗ ಕೊಟ್ಟೀನಿ. ಸಿಟ್ಟಿಲ್ಲ, ಜ್ವರಿಲ್ಲ. ನಿಮ್ಮನ್ನs ನೆನಸಿ ಅಂದೀನಿ. ಇನ್ನ ಕೊಯ್ಯೋದು ಬಿಡೋದು ನಿಮ್ಮ ಕೈಯಾಗ ಅದ, ಆಯುಷ್ಯನೂ ನಿಮ್ಮದs.” ಆಮೇಲೆ, ಗಾಡಿ ಹೊರಟ ಮೇಲೆ, ಹಿಂದಿನಿಂದ: “ರೀ! ಕೌದಿ ಹೊಚಗೊಳ್ರಿ!”

ಶಹಾಬಾದದಲ್ಲಿ ದಸ್ತಗೀರ ಹೊಸ ಬ್ಲೇಡು ಹಿಡಿದು ಕಾಯುತ್ತಿದ್ದ. ಟೇಪು ಕೇಳಿ ತೊಡೆ ತಟ್ಟಿದ. “ವಾಹ್! ನಾಕೂ ತುಣುಕು ಒಂದೇ ಜೀವದಾಗ ಬಂದಾವ. ಕೊಯ್ಯೋ, ಈ ಸಲ ಕೂಡಿಸಿದ್ರ ಗೊತ್ತs ಆಗಂಗಿಲ್ಲ.”

“ತಡಿ. ಇನ್ನೊಮ್ಮೆ ಕೇಳೂಣು.”

ಕೇಳಿದರು.

“ಇಲ್ಲಿ ನೋಡು,” ಎಂದ ಹಣಮಂತರಾಯ, ಚಕ್ರದ ಮೇಲೆ ಬೆರಳಿಟ್ಟು. “ಕಳ್ಳರ ಹೆಸರ ಅಂದ ಮ್ಯಾಲ ಉಸಿರು ತಗೋತಾಳ. ಹೇಳೇಬಿಡ್ತಾಳೇನೋ ಅನಸ್ತದ.”

“ಟೇಪಿನ್ಯಾಗ ಇದ್ದದ್ದೇ ಇರ್ತದೋ ಹುಚ್ಚಾ. ಹೇಳಂಗಿಲ್ಲ ಅಂತಾಳ ಮುಂದ.”

“ಗೊತ್ತದ. ಹಿಂದಕ ತಿರುವು.”

ಬ್ಲೇಡಿನಿಂದ ದಸ್ತಗೀರ ಆಮೇಲೆ ತನ್ನ ಗಡ್ಡ ಕೆರೆದುಕೊಂಡನೆಂದು ಪ್ರತೀತಿ.

ಕೂಸಿಗೆ ಕುತ್ತಿಗೆ ನಿಂತಿತು, ಅಮೃತಮ್ಮ ಮನೆಗೆ ಬಂದಳು. ಸ್ಪೂಲಿನ ಕಾಲ ಹೋಗಿ ಕ್ಯಾಸೆಟ್ಟಿನ ಕಾಲ ಬಂತು. ಹಣಮಂತರಾಯನ ಅಂಗಡಿಯಲ್ಲಿ ಅಂಗೈಯಗಲದ ಟೇಪ್‌ರಿಕಾರ್ಡರುಗಳು ಸಾಲಾಗಿ ಕುಳಿತವು. ಮಂತ್ರಿಗಳು ಬದಲಾದರು, ಮೈಕು ಕುಟ್ಟಿ ಅವನ ಹೆಸರು ಕೂಗುವುದು ಬದಲಾಗಲಿಲ್ಲ. ಮನೆಯಲ್ಲಿ ಅವನು ಇಂದಿಗೂ “ರೀ”. ಮಂಗಗಳು ಇಂದಿಗೂ ಅವನ ಮಂದಿ.

ಆದರೆ ರಜೆಯ ದಿನ, ಕಲ್ಲಿನ ಅಂಗಳಗಳು ಸುಮ್ಮನಾದ ಮೇಲೆ, ಅವನು ಆ ಹಳೆಯ ಡಬ್ಬಿಯನ್ನು ಒರೆಸಿ ಪಡಸಾಲೆಯಲ್ಲಿ ಹಚ್ಚುತ್ತಾನೆ. ಒಳಗೆ ಅಮೃತಮ್ಮ ರೊಟ್ಟಿ ಬಡಿಯುತ್ತಿರುತ್ತಾಳೆ. ಹಗ್ಗ ಹೋಗುತ್ತದೆ, ಕಣ ಹೋಗುತ್ತದೆ, ಮಂತ್ರ ಹೋಗುತ್ತದೆ, ರಾಯಚೂರು ಒಡೆಯುತ್ತದೆ. ಕಳ್ಳರ ಹೆಸರ ಎಂದು ಬಂದು ಆ ಉಸಿರು ಶುರುವಾದ ಕೂಡಲೇ ಹಣಮಂತರಾಯ ಡಬ್ಬಿಯ ಕಡೆಗೆ ಬಾಗುತ್ತಾನೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳವೂ ನಿಲ್ಲುತ್ತದೆ.

ಆಮೇಲೆ ಟೇಪು “ಹೇಳಂಗಿಲ್ಲ” ಎನ್ನುತ್ತದೆ, ಕೋಡ್ಲಾದ ಹೆಂಗಸರು ನಗುತ್ತಾರೆ, ಅಡುಗೆಮನೆಯಲ್ಲಿ ರೊಟ್ಟಿ ಮತ್ತೆ ತಿರುಗತೊಡಗುತ್ತದೆ.